ಶಂಖಕ್ಕೆ ಎಷ್ಟು ನೀರು

ಗುರುಚರಣನ ಮನೆಯ ಜಗಳ ನೀರಿನಿಂದ ಶುರುವಾಯಿತು ಎಂದರೆ ಮದರಾಸಿನವರು ಯಾರೂ ಹುಬ್ಬೇರಿಸುವುದಿಲ್ಲ. ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಆ ಊರಿನ ಯಾವ ಮನೆಯ ಜಗಳ ಬೇರೆ ಯಾವುದರಿಂದ ಶುರುವಾಗಿತ್ತು? ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮಾಧವರಂನ ಹಾಲಿನ ಡೈರಿಯ ಹಿಂದಿನ ಕಾಲೊನಿಯಲ್ಲಿ ಯುಗಾದಿಯ ಹೊತ್ತಿಗೇ ಬಾವಿಗಳು ಬತ್ತಿದವು. ಏಪ್ರಿಲ್‌ನಲ್ಲಿ ಬೋರು ನಾಲ್ಕು ದಿನ ಕೆಸರು ಕಾರಿ ಸುಮ್ಮನಾಯಿತು. ಆಮೇಲೆ ದಿನ ಬಿಟ್ಟು ದಿನ ಬೆಳಿಗ್ಗೆ ಐದೂವರೆಗೆ ಬರುವ ಲಾರಿಯೇ ಗತಿ. ಮನೆಗೆ ಇಪ್ಪತ್ತು ಕೊಡ. ಅದರಲ್ಲಿ ಐದು ಜನ ಎರಡು ದಿನ ಕಳೆಯಬೇಕು.

ಲಾರಿಯ ಹಾರನ್ ಕೇಳಿದ ಕೂಡಲೇ ಗುರುಚರಣ ಒಂದು ಚೊಂಬು ನೀರನ್ನು ತಲೆಗೆ ಸುರಿದುಕೊಂಡು, ಒದ್ದೆ ಪಂಚೆಯಲ್ಲಿ, ಎರಡು ಹಿತ್ತಾಳೆ ಕೊಡ ಹಿಡಿದು ಬೀದಿಗೆ ಇಳಿಯುತ್ತಿದ್ದ. ಮಣಲಿಯ ವಿಮಾ ಕಚೇರಿಯಲ್ಲಿ ಹೆಡ್ ಕ್ಲರ್ಕ್, ಐವತ್ತು ದಾಟಿದ ಮನುಷ್ಯ. ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳ ನಡುವೆ ಅವನು ನೀರು ತೊಟ್ಟಿಕ್ಕಿಸುತ್ತ ನಿಲ್ಲುವುದನ್ನು ನೋಡಲಾರದೆ ಬೀದಿಯವರೇ ದಾರಿ ಬಿಡುತ್ತಿದ್ದರು. ಅದು ಅವನ ತಾಯಿ ಜಯಲಕ್ಷ್ಮಮ್ಮನ ಮಡಿನೀರು. ಎರಡು ಸಲ ಹೋಗಿ ನಾಲ್ಕು ಕೊಡ ತರಬೇಕು, ಅದೂ ಬೇರೆಯವರ ಕೊಡ ಪೈಪಿಗೆ ತಾಗುವ ಮೊದಲು. ರಬ್ಬರ್ ಪೈಪಿನ ನೀರಿಗೆ ಮಡಿ ಎಲ್ಲಿಂದ ಬಂತು ಎಂದು ಜಯಲಕ್ಷ್ಮಮ್ಮ ಮೊದಲ ವಾರ ಗೊಣಗಿದ್ದರು. ಬಾವಿಯ ತಳ ಕಂಡ ಮೇಲೆ ದೇವರು ಪೈಪನ್ನು ನೋಡುವುದಿಲ್ಲ ಎಂದು ತಾವೇ ತೀರ್ಮಾನಿಸಿಕೊಂಡರು. ಎಪ್ಪತ್ತೆರಡು ವರ್ಷದ ಆಕೆಯ ಸ್ನಾನ, ಅಡಿಗೆ, ಪೂಜೆ ಎಲ್ಲ ಆ ನಾಲ್ಕು ಕೊಡದಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಯಾರಿಗೆ ಎಷ್ಟೇ ಬಾಯಾರಿದರೂ ಆ ಹಿತ್ತಾಳೆ ಕೊಡಗಳ ಕಡೆ ಕೈ ಹೋಗುತ್ತಿರಲಿಲ್ಲ.

ಉಳಿದ ಹದಿನಾರು ಕೊಡದ ಮೇಲೆ ಮಿಕ್ಕ ನಾಲ್ವರ ಕಣ್ಣು. ಅದರಲ್ಲಿ ಎಲ್ಲರ ಬಾಯಿಗೂ ಬಿದ್ದವಳು ಸೊಸೆ ವೃಂದಾ. ಯಾಕೆಂದರೆ ಅವಳೊಬ್ಬಳೇ ಕುಡಿಯುವುದಕ್ಕೂ ತೊಳೆಯುವುದಕ್ಕೂ ಅಲ್ಲದ ಕೆಲಸಕ್ಕೆ ನೀರು ಕೇಳುತ್ತಿದ್ದಳು.

ವೃಂದಾಳ ತಂದೆ ರೈಲ್ವೆಯವರು. ಅವಳ ಹುಡುಗಿತನವೆಲ್ಲ ಮಂಡಪಂನ ರೈಲ್ವೆ ಕ್ವಾರ್ಟರ್ಸಿನಲ್ಲಿ ಕಳೆಯಿತು. ಪಕ್ಕದ ಬೀದಿಯಲ್ಲಿ ಒಬ್ಬ ಮುದುಕ ಶಂಖವನ್ನು ಕೊಯ್ದು, ಉಜ್ಜಿ, ಕೆತ್ತಿ ಬಳೆ, ಓಲೆ, ಪದಕ ಮಾಡುತ್ತಿದ್ದ. ಶಾಲೆ ಬಿಟ್ಟ ಮೇಲೆ ಅವನ ಎದುರು ಕೂತು ಕೂತು ಇವಳಿಗೂ ಕೈ ಕುದುರಿತು. ಮದುವೆಯಾದ ಮೇಲೆ ಶಂಖ ಉಜ್ಜುವ ಅರಗಳ ಪೆಟ್ಟಿಗೆ ಇಪ್ಪತ್ತು ವರ್ಷ ಅಟ್ಟದ ಮೇಲಿತ್ತು. ಮಗಳು ತೃಪ್ತಿ ಹೈಸ್ಕೂಲಿಗೆ ಸೇರಿದ ವರ್ಷ ಅದನ್ನು ಇಳಿಸಿ, ಮೊಟ್ಟೆಮಾಡಿಯ ಮೇಲೆ ತಗಡಿನ ಕೆಳಗೆ ಒಂದು ಮಣೆ, ಸಾಣೆಕಲ್ಲು, ಸಣ್ಣ ಮೋಟಾರು ಇಟ್ಟುಕೊಂಡಳು. ತಾರಸಿಗೆ ಆ ಮನೆಯಲ್ಲಿ ಎಲ್ಲರೂ ತಮಿಳಿನಂತೆ ಮೊಟ್ಟೆಮಾಡಿ ಎಂದೇ ಹೇಳುವುದು. ಜಯಲಕ್ಷ್ಮಮ್ಮನಿಗೆ ಇದು ಸೇರಿರಲಿಲ್ಲ. ದೇವರ ಮುಂದಿನ ಶಂಖ ಬೇರೆ, ಚೀಲದಲ್ಲಿ ಬರುವ ಸತ್ತ ಪ್ರಾಣಿಯ ಗೂಡು ಬೇರೆ ಎಂದು ಅವರ ವಾದ. ಅದನ್ನು ಮುಟ್ಟಿದ ಕೈಯನ್ನು ಮೊಣಕೈವರೆಗೆ ತೊಳೆಯದೆ ಒಲೆ ಮುಟ್ಟಬಾರದೆಂದು ಕಟ್ಟುಮಾಡಿದ್ದರು. ಅದಕ್ಕೂ ನೀರೇ ಬೇಕು.

ಶಂಖವನ್ನು ಒಣದಾಗಿ ಉಜ್ಜಬಾರದು. ಮುದುಕ ಹೇಳಿಕೊಟ್ಟ ಮೊದಲ ಪಾಠ ಅದು. ನೀರು ಹನಿಯುತ್ತಿದ್ದರೆ ಪುಡಿ ಹಾಲಿನಂತೆ ಕೆಳಗೆ ಹರಿದುಹೋಗುತ್ತದೆ. ನೀರಿಲ್ಲದಿದ್ದರೆ ಗಾಳಿಗೆ ಏರುತ್ತದೆ, ಮೂಗಿನಿಂದ ಎದೆಗೆ ಇಳಿಯುತ್ತದೆ, ಇಳಿದದ್ದು ಮತ್ತೆ ಮೇಲೆ ಬರುವುದಿಲ್ಲ. ಮುದುಕನ ಅಣ್ಣ ಕೆಮ್ಮಿ ಕೆಮ್ಮಿಯೇ ಹೋಗಿದ್ದನಂತೆ. ಹಾಗಾಗಿ ವೃಂದಾ ಆಸ್ಪತ್ರೆಯ ಗ್ಲೂಕೋಸ್ ಬಾಟಲಿಯೊಂದನ್ನು ಮೊಳೆಗೆ ತೂಗುಹಾಕಿ, ಅದರ ಕೊಳವೆಯಿಂದ ಕಲ್ಲಿನ ಮೇಲೆ ಸದಾ ನೀರು ಹನಿಸುತ್ತಿದ್ದಳು. ಕೆಳಗಿನ ಬಕೆಟ್ಟಿನ ಬಿಳಿ ನೀರನ್ನು ತಿಳಿಯಾಗಲು ಬಿಟ್ಟು ಮತ್ತೆ ಬಳಸುತ್ತಿದ್ದಳು. ಆದರೆ ಮೂರನೆಯ ದಿನಕ್ಕೆ ಅದು ನಾರುತ್ತಿತ್ತು.

ಇಷ್ಟು ದಿನ ಗೊತ್ತಿದ್ದವರಿಗೆ ಒಂದೆರಡು ಓಲೆ ಮಾಡಿಕೊಡುತ್ತಿದ್ದಳು, ಅಷ್ಟೇ. ಆ ಏಪ್ರಿಲ್‌ನಲ್ಲಿ ಮೈಲಾಪುರದ ನೃತ್ಯದ ಟೀಚರ್ ಶ್ರೀವಿದ್ಯಾ ಹುಡುಕಿಕೊಂಡು ಬಂದು, ಎಂಟು ಹುಡುಗಿಯರಿಗೆ ಎಂಟು ಸೆಟ್ಟು ಬೇಕೆಂದರು. ಕೊರಳಿಗೆ, ಕಿವಿಗೆ, ತಲೆಗೆ ಸೂರ್ಯ ಚಂದ್ರದ ಬಿಲ್ಲೆ, ಎಲ್ಲ ಶಂಖದಲ್ಲೇ. ಜುಲೈ ಮೂವತ್ತೊಂದಕ್ಕೆ ಕೊಡಬೇಕು. ಚೆನ್ನಾಗಿ ಬಂದರೆ ಮುಂದೆ ಪ್ರತಿ ವರ್ಷವೂ ನಿಮ್ಮದೇ ಎಂದರು. ನಲವತ್ತೆಂಟು ವರ್ಷದ ವೃಂದಾಳನ್ನು ಅವಳ ಕೆಲಸಕ್ಕಾಗಿ ಹೆಸರು ಹಿಡಿದು ಕೇಳಿಕೊಂಡು ಬಂದವರು ಅವರೇ ಮೊದಲು. ಆ ಸಂಜೆ ಅವಳು ಉಪ್ಪಿಲ್ಲದ ಸಾರು ಬಡಿಸಿದಳು, ಯಾರು ಏನೆಂದರೂ ಬೇಜಾರು ಮಾಡಿಕೊಳ್ಳಲಿಲ್ಲ.

ಬೋರು ನಿಂತದ್ದು ಅದಾದ ಹತ್ತೇ ದಿನಕ್ಕೆ.

ಮೇ ಮೊದಲ ವಾರ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. ತೃಪ್ತಿಗೆ ಹದಿನಾರು ವರ್ಷ, ಮಂಡಿವರೆಗೆ ಕೂದಲು, ಎರಡು ವಾರದಿಂದ ತಲೆಗೆ ನೀರಿಲ್ಲ. ಅಜ್ಜಿ ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ತಿರುಗಿ ಹೇಳುವಳು. ಗುರುಚರಣ ತಟ್ಟೆಯಲ್ಲಿ ಕೈ ತೊಳೆಯುವುದನ್ನೂ ಬಿಟ್ಟು ಬಟ್ಟೆಗೆ ಒರೆಸಿಕೊಳ್ಳತೊಡಗಿದ್ದ. ಒಂದು ಮಧ್ಯಾಹ್ನ ಜಯಲಕ್ಷ್ಮಮ್ಮ ನೇರವಾಗಿಯೇ ಹೇಳಿದರು: "ಕುಡಿಯೋಕೇ ತಣ್ಣಿ ಇಲ್ಲದಿರೋವಾಗ ಕಲ್ಲಿಗೆ ಸುರೀತಾ ಕೂತಿದ್ರೆ ನೋಡಿದವರು ಏನಂತಾರೆ? ಮಳೆ ಬಂದ್ಮೇಲೆ ಮಾಡ್ಕೋಬಾರದೇನು?"

"ಮಳೆ ಬರೋದು ಅಕ್ಟೋಬರ್‌ಗೆ, ಅತ್ತೆ. ಅವರಿಗೆ ಜುಲೈಗೆ ಬೇಕು," ಎಂದಳು ವೃಂದಾ.

"ಹಾಗಾದ್ರೆ ಬೇರೆ ಯಾರಾದ್ರೂ ಮಾಡಿಕೊಡ್ತಾರೆ ಬಿಡು."

ವೃಂದಾ ಎದ್ದು ಮಜ್ಜಿಗೆ ತರಲು ಹೋದಳು. ಆ ಮನೆಯಲ್ಲಿ ಅವಳ ಉತ್ತರಗಳೆಲ್ಲ ಹಾಗೆಯೇ ಅಡಿಗೆಮನೆಗೆ ಹೋಗಿ ಮುಗಿಯುತ್ತಿದ್ದವು.

ಈ ಜಗಳಕ್ಕೆ ಮಂಗಳ ಹಾಡುತ್ತೇನೆಂದು ಹೊರಟವನು ಮಗ ಸುಘೋಷ. ಇಪ್ಪತ್ತೈದು ವರ್ಷ, ಮೆಕ್ಯಾನಿಕಲ್ ಇಂಜಿನಿಯರು, ಪೆರುಂಗುಡಿಯಲ್ಲಿ ಕೆಲಸ. ಮಾಧವರಂನಿಂದ ಹೋಗಲು ಎರಡು ಬಸ್ಸು, ಎರಡು ಗಂಟೆ. ಬರಲು ಇನ್ನೂ ಅರ್ಧ ಗಂಟೆ ಹೆಚ್ಚು. ಅವನ ಕೆಲಸ ಏನೆಂದು ಅಜ್ಜಿ ನಾಲ್ಕು ಸಲ ಕೇಳಿ, ನಾಲ್ಕು ಸಲವೂ ಮರೆತಿದ್ದರು. ಅವನು ಹೇಳುತ್ತಿದ್ದದ್ದು ಇಷ್ಟು: ಒಂದು ಕಾರಿನ ಬಾಗಿಲು ಮಾಡಬೇಕೆಂದರೆ, ಅದು ಹಗುರವಾಗಬೇಕು ಅನ್ನುವವರೇ ಬೇರೆ, ಗಟ್ಟಿಯಾಗಬೇಕು ಅನ್ನುವವರೇ ಬೇರೆ, ಸದ್ದು ಬರಬಾರದು ಅನ್ನುವವರು, ಖರ್ಚು ಕಡಿಮೆಯಾಗಬೇಕು ಅನ್ನುವವರು ಬೇರೆ ಬೇರೆ. ಒಬ್ಬೊಬ್ಬರದೂ ಬೇರೆ ಲೆಕ್ಕ, ಬೇರೆ ಪ್ರೋಗ್ರಾಮು. ಒಬ್ಬರು ಒಂದು ಅಂಕಿ ಬದಲಿಸಿದರೆ ಇನ್ನೊಬ್ಬರದು ಕೆಡುತ್ತದೆ. ಅವನ ಕಂಪನಿಯ ಸಾಫ್ಟ್‌ವೇರು ಅಷ್ಟನ್ನೂ ಒಟ್ಟಿಗೆ ಕಟ್ಟಿ, ಸಾವಿರ ಸಲ ಸುತ್ತಿಸಿ, ಎಲ್ಲರೂ ಒಪ್ಪುವ ಒಂದು ಬಾಗಿಲನ್ನು ಹುಡುಕಿಕೊಡುತ್ತದೆ.

"ಪಂಚಾಯ್ತಿ ಅನ್ನು," ಎಂದಿದ್ದರು ಅಜ್ಜಿ.

ಆ ಸಾಫ್ಟ್‌ವೇರಿನ ಕೈಪಿಡಿಗೆ ಹೊಸಬರಿಗೂ ಅರ್ಥವಾಗುವ ಒಂದು ಸಣ್ಣ ಉದಾಹರಣೆ ಮಾಡಿಕೊಡು ಎಂದು ಅವನ ಮೇಲಧಿಕಾರಿ ವಿಶ್ವನಾಥ ಹೇಳಿ ತಿಂಗಳಾಗಿತ್ತು. ಸುಘೋಷನಿಗೆ ಮನೆಯೇ ಕಂಡಿತು. ಒಂದು ಲಾರಿ, ಐದು ಜನ, ಇಪ್ಪತ್ತು ಕೊಡ. ಒಂದು ಭಾನುವಾರ ಊಟವಾದ ಮೇಲೆ ಆಫೀಸಿನ ಲ್ಯಾಪ್‌ಟಾಪನ್ನು ಚಾಪೆಯ ಮೇಲಿಟ್ಟುಕೊಂಡು ಎಲ್ಲರನ್ನೂ ಕೂರಿಸಿದ. ಯಾರಿಗೆ ಎಷ್ಟು ಬೇಕೋ ಸರಿಯಾಗಿ ಹೇಳಿ, ಮಿಕ್ಕದ್ದನ್ನು ಇದು ನೋಡಿಕೊಳ್ಳುತ್ತದೆ ಎಂದ.

ಅಜ್ಜಿಯ ನಾಲ್ಕು ಕೊಡಕ್ಕೆ ಅವನೇ ಬೀಗ ಹಾಕಿದ. ಯಾರೂ ಮುಟ್ಟದ ಅಂಕಿಗೆ ಸಾಫ್ಟ್‌ವೇರಿನಲ್ಲಿ ಹಾಗೆ ಬೀಗ ಹಾಕುವ ವ್ಯವಸ್ಥೆ ಇತ್ತು. ಅಡಿಗೆ, ಪಾತ್ರೆ, ಬಟ್ಟೆ, ಸ್ನಾನ ಒಂದೊಂದಾಗಿ ಬರೆದುಕೊಂಡ. ಅಕ್ಕಿ ತೊಳೆದ ನೀರನ್ನು ಪಾತ್ರೆಯ ಮೊದಲ ತೊಳೆತಕ್ಕೆ ಹಚ್ಚಿದ. ತೃಪ್ತಿ ತಲೆಸ್ನಾನಕ್ಕೆ ಮೂರು ಕೊಡ ಕೇಳಿ ಎರಡಕ್ಕೆ ಇಳಿದಳು. ಕೊನೆಗೆ ಅಮ್ಮನ ಸರದಿ ಬಂತು.

ವೃಂದಾ ಹೂ ಕಟ್ಟುತ್ತ ಕೂತಿದ್ದಳು. "ನನಗೇನೂ ಬೇಡಪ್ಪ. ಅಕ್ಕಿ ತೊಳೆದ ನೀರಲ್ಲೇ ಆಗತ್ತೆ ನಂದು," ಎಂದಳು.

"ಸೊನ್ನೆ ಹಾಕ್ಲಾ?"

"ಹಾಕು, ಪರವಾಯಿಲ್ಲ."

ಸುಘೋಷ ಹಾಕಿದ. ಪಕ್ಕದಲ್ಲಿ ಜಯಲಕ್ಷ್ಮಮ್ಮ ಹೂವಿನ ಮಾಲೆಯನ್ನು ಅಳೆದು ನೋಡಿ, ಇದೂ ಒಂದು ಮೊಳ ಕಡಿಮೆ, ಇವಳಿಗೆ ಅಳತೆ ಅನ್ನುವುದೇ ಬರಲಿಲ್ಲ, ಐದು ಮೊಳ ಬೇಕಾದಾಗ ಹೂವಿನವಳಿಗೆ ನಾಲ್ಕು ಅನ್ನುತ್ತಾಳೆ ಎಂದು ಯಾರಿಗೂ ಅಲ್ಲದಂತೆ ದೂರಿದರು. ಆ ಕಡಿಮೆ ಬಿದ್ದ ಮೊಳ ಯಾವತ್ತೂ ವೃಂದಾಳ ತಲೆಯದೇ ಆಗಿರುತ್ತಿತ್ತು. ದೇವರಿಗೂ ತೃಪ್ತಿಗೂ ಯಾವತ್ತೂ ಕಡಿಮೆಯಾದದ್ದಿಲ್ಲ.

ಲ್ಯಾಪ್‌ಟಾಪ್ ಹತ್ತು ನಿಮಿಷ ಗುಂಯ್‌ಗುಟ್ಟಿ ಹಸಿರು ಗೆರೆ ತೋರಿಸಿತು. ನೀರು ಸಾಲುತ್ತದೆ! ಏಕಾದಶಿಯ ದಿನ ಅಡಿಗೆಯಿಲ್ಲ, ಪಾತ್ರೆಯಿಲ್ಲ, ಆದ್ದರಿಂದ ಆ ದಿನವೇ ದೊಡ್ಡ ಬಟ್ಟೆಗಳನ್ನು ಒಗೆಯಬೇಕೆಂದು ಯಂತ್ರ ತಾನಾಗಿ ಕಂಡುಹಿಡಿದಿತ್ತು. ಏಕಾದಶಿಯ ಉಪಯೋಗವನ್ನು ಒಂದು ಮಿಷನ್ನಿನ ಬಾಯಲ್ಲಿ ಕೇಳಿ ಜಯಲಕ್ಷ್ಮಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ಮೊಮ್ಮಗನಿಗೆ ಕೊಬ್ಬರಿ ಮಿಠಾಯಿಯ ಡಬ್ಬಿ ತೆಗೆದರು. ಕಾಗದ ಅಡಿಗೆಮನೆಯ ಗೋಡೆಗೆ ಅಂಟಿತು. ಮೇ ಕಳೆಯಿತು, ಜೂನ್ ಕಳೆಯುತ್ತ ಬಂತು, ಮನೆಯಲ್ಲಿ ನೀರಿಗಾಗಿ ಒಂದು ಮಾತು ಬರಲಿಲ್ಲ. ಅಕ್ಕಪಕ್ಕದವರು ಬಂದು ಕಾಗದ ನೋಡಿಕೊಂಡು ಹೋದರು.

ವಿಶ್ವನಾಥನಿಗೂ ಹಿಡಿಸಿತು. ಸಾಲು ಸಾಲಾಗಿ ಓದಿ, "ಇದ್ಯಾರದು ಸೊನ್ನೆ?" ಎಂದು ಕೇಳಿದ.

"ನಮ್ಮಮ್ಮಂದು ಸಾರ್. ಅವರಿಗೆ ಬೇಡವಂತೆ."

ವಿಶ್ವನಾಥ ತಲೆಯಾಡಿಸಿ ಮುಂದಿನ ಪುಟಕ್ಕೆ ಹೋದ. ಉದಾಹರಣೆ ಕೈಪಿಡಿಯ ಮೊದಲ ಅಧ್ಯಾಯಕ್ಕೆ ಸೇರಿತು.

ವೃಂದಾಳಿಗೆ ಕೆಮ್ಮು ಶುರುವಾದದ್ದು ಜೂನ್ ನಡುವಿನಲ್ಲಿ. ಮೊದಲು ಅದನ್ನು ಸೊಳ್ಳೆಬತ್ತಿಯ ಮೇಲೆ ಹಾಕಿದರು, ಆಮೇಲೆ ಲಾರಿ ನೀರಿನ ಮೇಲೆ. ಜಯಲಕ್ಷ್ಮಮ್ಮ ಮೆಣಸಿನ ಕಷಾಯ ಮಾಡಿಕೊಟ್ಟರು, ಅದೂ ತಮ್ಮ ಮಡಿನೀರಿನಲ್ಲಿ. ವೃಂದಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಸದ್ದು ಹೊರಗೆ ಬಾರದಂತೆ ಕೆಮ್ಮುವುದನ್ನು ಕಲಿತಳು. ಸಾರಿಗೆ ಒಗ್ಗರಣೆ ಹಾಕುವಾಗ ಕೆಮ್ಮಿದರೆ ಯಾರೂ ಗಮನಿಸುವುದಿಲ್ಲ ಎಂಬುದನ್ನೂ ಕಲಿತಳು. ತಿಂಗಳ ಕೊನೆಗೆ ಗುರುಚರಣ ಅರ್ಧ ದಿನ ರಜೆ ಹಾಕಿ ಕಾಲೊನಿಯ ಡಾಕ್ಟರ್ ಹನುಮಂತಯ್ಯನವರ ಹತ್ತಿರ ಕರೆದುಕೊಂಡು ಹೋದ. ಹಳೆಯ ಪರಿಚಯದವರು, ಕನ್ನಡದವರು. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಧೂಳಿನ ಕೆಲಸ ಏನಾದರೂ ಮಾಡುತ್ತೀರಾ ಎಂದರು.

"ಇಲ್ಲ ಡಾಕ್ಟ್ರೇ. ಮನೆ ಕೆಲಸ ತಾನೇ," ಎಂದಳು ವೃಂದಾ.

ಗುರುಚರಣ ಪಕ್ಕದ ಸ್ಟೂಲಿನಲ್ಲೇ ಕೂತಿದ್ದ. ಅವನಿಗೆ ಅದು ಸುಳ್ಳು ಎಂದು ಹೊಳೆಯಲೂ ಇಲ್ಲ. ಹೆಂಡತಿ ತಾರಸಿಯ ಮೇಲೆ ಮಾಡುವುದನ್ನು ಅವನು ಯಾವತ್ತೂ ಕೆಲಸ ಎಂದು ಎಣಿಸಿರಲಿಲ್ಲ. ಡಾಕ್ಟರು ಸಿರಪ್ ಬರೆದುಕೊಟ್ಟರು.

ಚಾತುರ್ಮಾಸ್ಯ ಬಂತು, ಶಾಕವ್ರತ ಶುರುವಾಯಿತು. ತಿಂಗಳೆಲ್ಲ ತರಕಾರಿ ಇಲ್ಲ. ಹೆಸರುಬೇಳೆ, ಮೆಣಸು, ಮಾವಿನಕಾಯಿ. ತರಕಾರಿ ತೊಳೆಯುವ ನೀರೂ ಉಳಿಯಿತೆಂದು ಸುಘೋಷ ಕಾಗದದಲ್ಲಿ ಒಂದು ಅಂಕಿ ತಿದ್ದಿದ. ಅದೇ ವಾರ ಜಯಲಕ್ಷ್ಮಮ್ಮನ ಮಡಿಸೀರೆಯ ಮೇಲೆ ಬಿಳಿ ಪುಡಿ ಕಾಣಿಸಿತು.

ಮಡಿಸೀರೆಯನ್ನು ಗುರುಚರಣನೇ ಸ್ನಾನ ಮಾಡಿದ ಮೈಯಲ್ಲಿ ಕೋಲಿನಿಂದ ತಾರಸಿಯ ಗಳದ ಮೇಲೆ ಹರವುತ್ತಿದ್ದ, ಮರುದಿನ ಕೋಲಿನಿಂದಲೇ ಇಳಿಸಿ ತರುತ್ತಿದ್ದ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಮಡಿಕೆ ಬಿಡಿಸಿದರೆ ಪುಡಿ. ತೃಪ್ತಿ ಪೌಡರ್ ಹಚ್ಚಿಕೊಂಡು ಹೋಗಿ ಮುಟ್ಟಿದಳೆಂದು ಜಯಲಕ್ಷ್ಮಮ್ಮ ಹಾರಾಡಿದರು. ತೃಪ್ತಿ ತಾನು ಮೇಲೆ ಹತ್ತಿ ವಾರವಾಯಿತೆಂದು ತಮಿಳಿನಲ್ಲಿ ಆಣೆಯಿಟ್ಟು ಅತ್ತಳು. ಸೀರೆಯನ್ನು ಮತ್ತೆ ಒಗೆಯಬೇಕಾಯಿತು, ಅದೂ ಮಡಿನೀರಿನಲ್ಲೇ. ಎರಡು ದಿನ ಬಿಟ್ಟು ಮತ್ತೆ ಪುಡಿ. ಈ ಸಲ ಜಯಲಕ್ಷ್ಮಮ್ಮ ಬೈಯಲಿಲ್ಲ. ಬೆರಳಲ್ಲಿ ತಿಕ್ಕಿ ನೋಡಿದರು. ಪೌಡರಿನ ನುಣುಪಿಲ್ಲ, ರಂಗೋಲಿಯಷ್ಟು ದಪ್ಪವೂ ಅಲ್ಲ. ಮೂಗಿನ ಹತ್ತಿರ ಹಿಡಿದರೆ ಹಲ್ಲು ಕೊರೆಸಿಕೊಂಡಾಗ ಬಂದಂಥ ವಾಸನೆ.

ಮರುದಿನ ಮಧ್ಯಾಹ್ನ ಅವರು ಮೆಟ್ಟಿಲು ಹತ್ತಿದರು. ಮಂಡಿನೋವಿನಿಂದ ಒಂದು ವರ್ಷವಾಗಿತ್ತು ಮೇಲೆ ಹೋಗಿ. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟು, ಗೋಡೆ ಹಿಡಿದು, ನಡುವೆ ಕೂತು ಸುಧಾರಿಸಿಕೊಂಡು ಹತ್ತಿದರು.

ತಗಡಿನ ಕೆಳಗೆ ವೃಂದಾ ಮೂಗಿನವರೆಗೆ ಸೆರಗು ಕಟ್ಟಿಕೊಂಡು ಮೋಟಾರಿನ ಮುಂದೆ ಬಾಗಿದ್ದಳು. ಅವಳ ಹುಬ್ಬು, ರೆಪ್ಪೆ, ಮುಂಗೈ ಎಲ್ಲ ಬೆಳ್ಳಗಿತ್ತು. ಬಿಸಿಲಿನಲ್ಲಿ ಪುಡಿ ನಿಧಾನವಾಗಿ ಏರಿ ಗಳದ ಕಡೆ ಹೋಗುತ್ತಿತ್ತು. ಮೊಳೆಯಲ್ಲಿ ಬಾಟಲಿ ನೇತಾಡುತ್ತಿತ್ತು.

"ಬಾಟಲಿ ಯಾಕೆ ಖಾಲಿ ಇದೆ?" ಎಂದರು ಜಯಲಕ್ಷ್ಮಮ್ಮ.

ವೃಂದಾ ಬೆಚ್ಚಿ ಮೋಟಾರು ನಿಲ್ಲಿಸಿದಳು. "ಈಗ ತಾನೇ ಮುಗೀತು, ಅತ್ತೆ."

ಜಯಲಕ್ಷ್ಮಮ್ಮ ಕೊಳವೆಯನ್ನು ಹಿಚುಕಿ ನೋಡಿದರು. ಅದು ಒಣಗಿ ಸೆಟೆದುಕೊಂಡಿತ್ತು. "ಇದರಲ್ಲಿ ತಣ್ಣಿ ಹರಿದು ಎರಡು ತಿಂಗಳಾಗಿದೆ. ಅಕ್ಕಿ ತೊಳೆದ ನೀರು ಎಲ್ಲಿ?"

"ಅದು ಪಾತ್ರೆಗೆ ಹೋಗತ್ತೆ. ಸುಘೋಷನ ಕಾಗದದಲ್ಲೂ ಹಾಗೇ ಇದೆ."

"ಗೊತ್ತಿದ್ದೂ ಅವನ ಹತ್ರ ಸೊನ್ನೆ ಅಂದ್ಯಾ?"

ವೃಂದಾ ಸ್ವಲ್ಪ ಹೊತ್ತು ಕೆಮ್ಮಿದಳು. ಆಮೇಲೆ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಅಡಿಗೆಮನೆಗೆ ಎದ್ದುಹೋಗದೆ ಉತ್ತರ ಹೇಳಿದಳು. "ನಾನು ಕೇಳಿದ್ರೆ ಯಾರದಾದ್ರೂ ಕಡಿಮೆ ಆಗ್ಬೇಕು. ಕಡಿಮೆ ಆದ್ರೆ ಎಲ್ಲರೂ ಸೇರಿ ಇದನ್ನೇ ಬಿಡು ಅಂತೀರಿ. ಇದೊಂದನ್ನ ನಾನು ಬಿಡಲ್ಲ ಅತ್ತೆ. ಇನ್ನೆರಡು ಸೆಟ್ಟು ಇದೆ."

ಜಯಲಕ್ಷ್ಮಮ್ಮನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಅವರು ಅಲ್ಲೇ ಕಟ್ಟೆಯ ಮೇಲೆ ಕೂತರು. ಮುಗಿದ ಆರು ಸೆಟ್ಟುಗಳು ಹಳೇ ಪಂಚೆಯ ತುಂಡಿನ ಮೇಲೆ ಸಾಲಾಗಿದ್ದವು. ಅವರು ಒಂದು ಚಂದ್ರದ ಬಿಲ್ಲೆಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಅಂಚಿನಲ್ಲಿ ಗಿಣಿಗಳು, ಗಿಣಿಯ ಕೊಕ್ಕಿನಲ್ಲಿ ಎಳ್ಳಿನಷ್ಟು ಸಣ್ಣ ಹಣ್ಣು. ಇದನ್ನು ಮುಟ್ಟಿದರೆ ಮಡಿ ಕೆಡುತ್ತದೆ, ಮತ್ತೆ ಸ್ನಾನ ಮಾಡಬೇಕು, ಅದಕ್ಕೆ ನೀರು ಬೇಕು ಎಂದು ಅವರಿಗೆ ಆಮೇಲೆ ನೆನಪಾಯಿತು. ಆದರೂ ಕೆಳಗಿಡಲಿಲ್ಲ.

ಆ ಸಂಜೆ ಗುರುಚರಣ ಬರುತ್ತಿದ್ದ ಹಾಗೆ ಅವನ ಕೈಯಲ್ಲಿ ಕಾಫಿ ಕೊಡುವ ಮೊದಲೇ ಜಯಲಕ್ಷ್ಮಮ್ಮ ಎಲ್ಲ ಹೇಳಿದರು. ಅವನು ಚಪ್ಪಲಿ ಬಿಡದೆ ನಿಂತೇ ಕೇಳಿದ.

"ಡಾಕ್ಟ್ರು ಧೂಳಿನ ಕೆಲಸ ಅಂತ ಕೇಳಿದಾಗ ನಾನೂ ಅಲ್ಲೇ ಕೂತಿದ್ದೆ," ಎಂದ. ಅವನಿಗೆ ನಾಚಿಕೆಯಾಗಿತ್ತು. ಆ ದಿನ ಅವನು ಅರ್ಧ ಊಟಕ್ಕೇ ಎದ್ದ.

ಎಕ್ಸ್‌ರೇ ತೆಗೆಸಿದರು. ಹನುಮಂತಯ್ಯನವರು ಅದನ್ನು ಬೆಳಕಿಗೆ ಹಿಡಿದು, ಕೆಳಭಾಗದಲ್ಲಿ ಮಬ್ಬಿನಂತೆ ಇರುವುದನ್ನು ಬೆರಳಿನಿಂದ ತೋರಿಸಿದರು. ಎರಡೇ ತಿಂಗಳಲ್ಲಿ ನಿಂತಿತು, ಅದೃಷ್ಟ ಎಂದರು. ಎರಡು ವಾರ ಆ ಕಡೆ ಹೋಗಲೇಬಾರದು. ಆಮೇಲೆ ಮಾಡುವುದಾದರೆ ಧಾರಾಳವಾಗಿ ನೀರು ಬಿಟ್ಟುಕೊಂಡು, ಬಾಯಿಗೆ ಬಟ್ಟೆ ಕಟ್ಟಿಕೊಂಡು. ಒಣದಾಗಿ ಇನ್ನೊಂದು ದಿನ ಉಜ್ಜಿದರೂ ತಾನು ಜವಾಬ್ದಾರನಲ್ಲ. ಬಂದಿರುವ ಮಬ್ಬು ಹೋಗುತ್ತದೆಯೇ ಎಂದು ಗುರುಚರಣ ಕೇಳಿದ್ದಕ್ಕೆ, ಮೂರು ತಿಂಗಳಾದ ಮೇಲೆ ನೋಡೋಣ ಎಂದಷ್ಟೇ ಹೇಳಿದರು.

ಸುಘೋಷ ಗೋಡೆಯ ಕಾಗದವನ್ನು ಕಿತ್ತು ನೋಡಿದ. ತಪ್ಪು ಕಣ್ಣಿಗೆ ರಾಚುತ್ತಿತ್ತು. ಒಂದೇ ಅಕ್ಕಿ ನೀರು ಪಾತ್ರೆಗೂ ಹೋಗಿತ್ತು, ಅಮ್ಮನ ಬಾಯಿಮಾತಿನಲ್ಲಿ ಶಂಖಕ್ಕೂ ಹೋಗಿತ್ತು. ಒಬ್ಬರ ಲೆಕ್ಕದಲ್ಲಿ ಖರ್ಚಾದದ್ದನ್ನು ಇನ್ನೊಬ್ಬರು ತಮ್ಮದೆಂದುಕೊಳ್ಳದ ಹಾಗೆ ನೋಡಿಕೊಳ್ಳುವುದೇ ಅವನ ಸಾಫ್ಟ್‌ವೇರಿನ ಕೆಲಸ, ಅವನಿಗೆ ಸಂಬಳ ಬರುತ್ತಿದ್ದದ್ದೇ ಅದಕ್ಕೆ. ಆದರೆ ಸೊನ್ನೆ ಎಂದು ತುಂಬಿದ ಸಾಲನ್ನು ಯಾವ ಸಾಫ್ಟ್‌ವೇರೂ ತಿರುಗಿ ನೋಡುವುದಿಲ್ಲ. ಅವನೂ ನೋಡಿರಲಿಲ್ಲ. ದಿನಾ ಸಂಜೆ ಮನೆಗೆ ಬಂದಾಗ ಅಮ್ಮನ ಹುಬ್ಬಿನ ಮೇಲೆ ಬಿಳಿ ಕಂಡಿತ್ತು, ಹಿಟ್ಟು ಅಂದುಕೊಂಡಿದ್ದ.

ಸೋಮವಾರ ವಿಶ್ವನಾಥನ ಮುಂದೆ ನಿಂತು ಉದಾಹರಣೆ ತಪ್ಪಾಗಿದೆ, ತೆಗೆಯಬೇಕು ಎಂದ. ವಿಶ್ವನಾಥ ಎಲ್ಲ ಕೇಳಿಸಿಕೊಂಡ, ಅಮ್ಮ ಹೇಗಿದ್ದಾರೆ ಎಂದು ವಿಚಾರಿಸಿದ. ಆಮೇಲೆ, "ತಿದ್ದಿ ತಂದುಕೊಡಯ್ಯ. ಆದರೆ ಉತ್ತರ ಬರೋ ಹಾಗೆ ತಿದ್ದು. ಸಾಲಲ್ಲ ಅಂತ ಬರೋ ಉದಾಹರಣೆ ಇಟ್ಕೊಂಡು ಯಾರಿಗೆ ತೋರಿಸೋದು?" ಎಂದ.

ಎರಡು ವಾರ ವೃಂದಾ ಮೇಲೆ ಹೋಗಲಿಲ್ಲ. ಮನೆ ಅವಳನ್ನು ಹೊಸ ನೆಂಟರ ಹಾಗೆ ನಡೆಸಿಕೊಂಡಿತು. ತೃಪ್ತಿ ಪಾತ್ರೆ ತೊಳೆದಳು, ಅರ್ಧಕ್ಕರ್ಧ ಜಿಡ್ಡು ಹಾಗೇ ಉಳಿಯುತ್ತಿತ್ತು, ವೃಂದಾ ಅದನ್ನು ಕದ್ದು ಮತ್ತೆ ತೊಳೆಯುತ್ತಿದ್ದಳು. ಗುರುಚರಣ ಪ್ರತಿ ಸಂಜೆ ಹೇಗಿದ್ದೀಯ ಎಂದು ಕೇಳಿ, ಪೇಪರು ಹಿಡಿಯುತ್ತಿದ್ದ. ಶ್ರೀವಿದ್ಯಾ ಎರಡು ಸಲ ಫೋನು ಮಾಡಿದರು. ಎರಡು ಸಲವೂ ವೃಂದಾ, ತಾರೀಕಿಗೆ ಸರಿಯಾಗಿ ಆಗುತ್ತದೆ ಎಂದಳು. ಫೋನಿಟ್ಟು ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದಳು. ಉಳಿದದ್ದು ಹದಿಮೂರು ದಿನ, ಎರಡು ಸೆಟ್ಟು.

ಹದಿನೆಂಟನೇ ತಾರೀಕು, ಭಾನುವಾರ. ಸಪ್ಪೆ ಹೆಸರುಬೇಳೆ ತೊವ್ವೆ ಊಟ ಮುಗಿದಿತ್ತು. ಸುಘೋಷ ಮತ್ತೆ ಚಾಪೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ಈ ಸಲ ಯಾರನ್ನೂ ಕರೆಯಲಿಲ್ಲ, ಎಲ್ಲರೂ ತಾವಾಗಿಯೇ ಬಂದು ಸುತ್ತ ಕೂತರು. ಅವನು ಮೊದಲು ಕೇಳಿದ್ದೇ ಅಮ್ಮನನ್ನು.

"ಅಮ್ಮಾ, ಶಂಖಕ್ಕೆ ಎಷ್ಟು?"

"ನಿನಗೆ ತೋಚಿದಷ್ಟು ಹಾಕು."

"ಇಲ್ಲ. ನೀನೇ ಹೇಳ್ಬೇಕು."

ವೃಂದಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಗಂಡನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಅಡಿಗೆಮನೆಯ ಕಡೆ ನೋಡಿದಳು; ಬಾಗಿಲಿಗೆ ಅಡ್ಡವಾಗಿ ಅತ್ತೆ ಕೂತಿದ್ದರು. ಸುಘೋಷ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಲೇ ಇದ್ದ. ಇಷ್ಟು ಸಣ್ಣ ಮಾತಿಗೆ ಅಷ್ಟು ಹೊತ್ತು ಹಿಡಿಯುತ್ತದೆಂದು ತೃಪ್ತಿಗೆ ಗೊತ್ತಿರಲಿಲ್ಲ.

"ಮೂರು," ಎಂದಳು ವೃಂದಾ ಕೊನೆಗೆ.

"ನಾಲ್ಕು ಅಂತ ಹಾಕು," ಎಂದರು ಜಯಲಕ್ಷ್ಮಮ್ಮ. "ಅವಳು ಯಾವತ್ತೂ ಒಂದು ಕಡಿಮೆಯೇ ಹೇಳೋದು."

ಸುಘೋಷ ನಾಲ್ಕು ಹಾಕಿದ. ಅಕ್ಕಿ ನೀರನ್ನು ಒಂದೇ ಕಡೆ ಬರೆದ. ಯಂತ್ರ ಗುಂಯ್‌ಗುಟ್ಟಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಬಟ್ಟೆಯನ್ನು ಏಕಾದಶಿಗೆ, ದ್ವಾದಶಿಗೆ ಸರಿಸಿ ನೋಡಿತು, ಸ್ನಾನವನ್ನು ಹಿಂದೆ ಮುಂದೆ ಮಾಡಿ ನೋಡಿತು. ಕೊನೆಗೆ ಕೆಂಪು ಗೆರೆ ಬಂತು.

"ಏನಂತೆ?" ಎಂದರು ಅಜ್ಜಿ.

"ಸಾಲಲ್ಲ ಅಂತೆ."

ಆ ಮನೆಯಲ್ಲಿ ಎರಡು ತಿಂಗಳಿಂದ ಎಲ್ಲವೂ ಸಾಲುತ್ತಿತ್ತು. ವೃಂದಾ, ಹಾಗಾದರೆ ಮೂರೇ ಸಾಕು, ಎರಡಾದರೂ ನಡೆಯುತ್ತದೆ ಎಂದು ಶುರುಮಾಡಿದಳು. ಜಯಲಕ್ಷ್ಮಮ್ಮ ಕೈಯೆತ್ತಿ ಅವಳನ್ನು ತಡೆದರು.

"ಸಾಲ್ದೆ ಹೋದ್ರೆ ಎಲ್ಲರಿಗೂ ಕೊಂಚ ಕೊಂಚ ಸಾಲ್ದೆ ಹೋಗ್ಲಿ. ಇವಳೊಬ್ಬಳಿಗೇ ಯಾಕೆ? ಸುಘೋಷಾ, ನಂದು ಮುಟ್ಟಬಾರದು ಅಂತ ಬೀಗ ಹಾಕಿದೀಯಲ್ಲ, ಅದನ್ನ ಮೊದಲು ತೆಗಿ."

ಸುಘೋಷ ಬೀಗ ತೆಗೆದ. ತೃಪ್ತಿ ತನ್ನ ಎರಡನ್ನು ಒಂದು ಮಾಡು ಎಂದು ಅಂದು ಕನ್ನಡದಲ್ಲೇ ಹೇಳಿದಳು. ಗುರುಚರಣ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ವೃಂದಾಳಿಗೆ ಕೆಮ್ಮು ಬಂತು. ಅವಳು ಎಲ್ಲರ ನಡುವೆ ಕೂತು, ಎದೆಯ ಆಳದಿಂದ, ಜೋರಾಗಿ ಕೆಮ್ಮಿದಳು. ಈ ಸಲ ಸೆರಗನ್ನು ಅಡ್ಡ ಹಿಡಿಯಲಿಲ್ಲ.